ಮರೆಹೊಕ್ಕವರು

ಮಳೆ ಜೋರಾದರೆ ಗೋಡೆಯ ಮರೆಗೆ ನಿಲ್ಲುತ್ತೇವೆ. ಹೆಸರಿಗೆ ಆಸೆಪಡದೆ ದುಡಿಯುವವರನ್ನು ಎಲೆಮರೆಯ ಕಾಯಿ ಎನ್ನುತ್ತೇವೆ. ಈ ‘ಮರೆ’ ಹಳಗನ್ನಡದಲ್ಲಿ ಶಕಟರೇಫದ ‘ಮಱೆ’. ತಮಿಳಿನ ‘ಮಱೈ’ ಇದರ ಒಡಹುಟ್ಟು. ಅಡ್ಡ, ತೆರೆ, ಆಸರೆ ಇದರ ಅರ್ಥಗಳು. ಒಳಸೇರು ಎಂಬರ್ಥದ ‘ಪುಗು’ ಇದರೊಡನೆ ಕೂಡಿ, ಪಕಾರ ವಕಾರವಾಗಿ ‘ಮಱೆವುಗು’ ಆಯಿತು. ಕನ್ನಡದ ಪಕಾರ ಹಕಾರಕ್ಕೆ ತಿರುಗಿದ ಮೇಲೆ ಅದೇ ‘ಮರೆಹೊಗು’. ಕಾಪಾಡಿ ಎಂದು ಬಂದವರು ಮರೆಹೊಕ್ಕವರು.

ಮರೆಹೊಕ್ಕವರನ್ನು ಕಾಯುವುದು ನಮ್ಮವರಿಗೆ ಹೊರೆಯಾಗಿರಲಿಲ್ಲ, ಹೆಮ್ಮೆಯಾಗಿತ್ತು. ಶಾಸನಗಳಲ್ಲಿ ‘ಶರಣಾಗತ ವಜ್ರಪಂಜರ’ ಎಂಬ ಬಿರುದು ಮತ್ತೆ ಮತ್ತೆ ಬರುತ್ತದೆ. ಅರಸರು ಗೆದ್ದ ಕೋಟೆಗಳ ಪಕ್ಕದಲ್ಲೇ ಕಾಯ್ದ ಜೀವಗಳನ್ನೂ ಕಲ್ಲಿನಲ್ಲಿ ಕೊರೆಸಿಕೊಂಡರು.

ಸಂಸ್ಕೃತದ ‘ಶರಣ’ಕ್ಕೆ ಅಮರಕೋಶ ಮನೆ, ಕಾಯುವವನು ಎಂಬ ಎರಡೂ ಅರ್ಥ ಕೊಡುತ್ತದೆ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಆ ಪದ ಒಂದು ಸಮುದಾಯದ ಹೆಸರೇ ಆಯಿತು. ‘ಶರಣು’ ಎಂದವರಿಗೆ ‘ಶರಣಾರ್ಥಿ’ ಎಂಬ ಮಾರುತ್ತರ ಉತ್ತರ ಕರ್ನಾಟಕದಲ್ಲಿ ಇಂದಿಗೂ ಕೇಳಿಸುತ್ತದೆ. ಅಲ್ಲಿ ಆಸರೆ ಕೊಡುವವರು, ಬೇಡುವವರು ಎಂಬ ಮೇಲುಕೀಳಿಲ್ಲ. ಇಬ್ಬರೂ ಒಬ್ಬರಿಗೊಬ್ಬರು ಬಾಗುತ್ತಾರೆ.

ಮುಂದೆ ‘ಮರೆಹೊಗು’ ಸವೆಯಿತು. ಅಳಲು, ದೂರು ಎಂಬರ್ಥದ ‘ಮೊರೆ’ಯೊಡನೆ ಬೆರೆತು ‘ಮೊರೆಹೋಗು’ ಬಳಕೆಗೆ ಬಂತು. ಹೊಕ್ಕವರು ಒಳಗಿದ್ದಾರೆ, ಮೊರೆಹೋದವರು ಇನ್ನೂ ಬಾಗಿಲಲ್ಲೇ ನಿಂತಿದ್ದಾರೆ. ಪತ್ರಿಕೆ, ಕಚೇರಿಗಳಲ್ಲಿ ‘ನಿರಾಶ್ರಿತ’ ನೆಲೆಯೂರಿತು. ಆ ಪದ ಅವರಿಗೆ ಏನಿಲ್ಲ ಎಂಬುದನ್ನಷ್ಟೇ ಹೇಳುತ್ತದೆ. ‘ಮರೆಹೊಕ್ಕವರು’ ಎಂದರೆ ಅವರಿಗೆ ಮರೆಯಾಗಿ ನಿಂತವರೂ ಕಣ್ಮುಂದೆ ಬರುತ್ತಾರೆ.

ಹಾಗೆ ನಿಂತ ನಾಡು ನಮ್ಮದು. 1959ರಲ್ಲಿ ದಲೈಲಾಮಾ ಟಿಬೆಟ್ ಬಿಟ್ಟು ಭಾರತಕ್ಕೆ ಬಂದರು. 1960ರ ದಶಕದ ಆರಂಭದಲ್ಲೇ ಬೈಲಕುಪ್ಪೆಯಲ್ಲಿ ಟಿಬೆಟನ್ನರ ವಸತಿ ಎದ್ದಿತು. ಹಿಮದ ನಾಡಿನವರು ಕಾಡು ಕಡಿದು, ಆನೆಗಳ ಕಾಟದ ನಡುವೆ ಮುಸುಕಿನ ಜೋಳ ಬೆಳೆದರು. ಆಮೇಲೆ ಮುಂಡಗೋಡ, ಹುಣಸೂರು, ಕೊಳ್ಳೇಗಾಲದ ಕಡೆಯೂ ನೆಲೆಗಳಾದವು. ನೆಲ ಕೊಟ್ಟದ್ದಕ್ಕಾಗಿ ದಲೈಲಾಮಾ ಮುಖ್ಯಮಂತ್ರಿಯಾಗಿದ್ದ ಎಸ್. ನಿಜಲಿಂಗಪ್ಪನವರನ್ನು ಹಲವು ಬಾರಿ ನೆನೆದಿದ್ದಾರೆ. ನಿರಾಶ್ರಿತರ ಕುರಿತ 1951ರ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ. ಆದರೂ ಈ ನೆಲೆಗಳು ಉಳಿದಿವೆ. ಟಿಬೆಟನ್ ಭಾಷೆಯಲ್ಲೂ ಬುದ್ಧನಿಗೆ ಶರಣುಹೋಗುವುದಕ್ಕೂ ನಾಡು ಬಿಟ್ಟು ಆಸರೆ ಕೋರುವುದಕ್ಕೂ ‘ಕ್ಯಾಬ್’ ಎಂಬ ಒಂದೇ ಮೂಲಪದವಿದೆ.

ಫೆಬ್ರುವರಿ, ಮಾರ್ಚ್ ಹೊತ್ತಿಗೆ ಟಿಬೆಟನ್ನರ ಹೊಸವರ್ಷ ‘ಲೋಸರ್’ ಬರುತ್ತದೆ. ಮನೆಮನೆಯಲ್ಲಿ ‘ಕಪ್ಸೆ’ ಕರಿಯುತ್ತಾರೆ. ಮೈದಾಹಿಟ್ಟಿಗೆ ಬೆಣ್ಣೆ, ಸಕ್ಕರೆ ಬೆರೆಸಿ ನಾದಿ, ಲಟ್ಟಿಸಿ, ಕತ್ತರಿಸಿ, ತಿರುಚಿ, ಹೊಂಬಣ್ಣ ಬರುವ ತನಕ ಎಣ್ಣೆಯಲ್ಲಿ ಬಿಡುತ್ತಾರೆ. ಬಾಯಿಗಿಟ್ಟರೆ ನಮ್ಮ ಶಂಕರಪೋಳಿಯ ನೆನಪು. ಬಂದವರ ಕೊರಳಿಗೆ ‘ಖತಾ’ ಎಂಬ ಬಿಳಿಯ ವಸ್ತ್ರ ಹಾಕಿ ಬರಮಾಡಿಕೊಳ್ಳುತ್ತಾರೆ. ಕಾಯ್ದವರು ಅತಿಥಿಗಳು, ಮರೆಹೊಕ್ಕವರು ಮನೆಯೊಡೆಯರು! ಆಸರೆ ಕೊಟ್ಟವರಿಗೆ ಮರಳಿ ಸಿಗುವ ಸಂತೋಷ ಇದು: ಒಂದು ಹಬ್ಬ ಹೆಚ್ಚು, ಒಂದು ನೆರೆಮನೆ ಹೆಚ್ಚು.

‘ಮರೆಹೊಗು’ ಎಂಬ ಪದವನ್ನು ನಿಘಂಟಿಗೆ ಬಿಟ್ಟುಕೊಡಬಾರದು. ಬರೆಯುವಾಗ, ಮಾತಾಡುವಾಗ ‘ನಿರಾಶ್ರಿತರು’ ಎನ್ನುವ ಬದಲು ಒಮ್ಮೆ ‘ಮರೆಹೊಕ್ಕವರು’ ಎಂದು ನೋಡಿ. ಚಳಿಗಾಲ ಬಂದರೆ ಟಿಬೆಟನ್ನರು ನಮ್ಮ ನಗರಗಳಲ್ಲಿ ಸ್ವೆಟರ್ ಅಂಗಡಿ ಹಾಕುತ್ತಾರೆ. ಬೆಲೆ ಕೇಳುವ ಮೊದಲು ಊರು ಯಾವುದೆಂದು ಕನ್ನಡದಲ್ಲೇ ಕೇಳಿ, ನಾಲ್ಕು ಮಾತಾಡಿ ಬನ್ನಿ.