ಅಗಲಿದ ಕಲಾವಿದರ ನೆನಪು: ಕನ್ನಡ ಚಿತ್ರರಂಗದ ವಾಡಿಕೆಗಳು

ಸಿನಿಮಾದವರಿಗೆ ಸರ್ಕಾರದ ನೆರವಿನಿಂದ ದೊಡ್ಡ ಸ್ಮಾರಕ ಕಟ್ಟುವ ವಾಡಿಕೆ ಕರ್ನಾಟಕದಲ್ಲಿ ಗಟ್ಟಿಯಾದದ್ದು ರಾಜಕುಮಾರ್ ನಿಧನದ ಬಳಿಕ. ಅದಕ್ಕೆ ಮೊದಲು ನೆನಪು ಬಹುಮಟ್ಟಿಗೆ ಹೆಸರಿನಲ್ಲೇ ಉಳಿಯುತ್ತಿತ್ತು. ನಿರ್ದೇಶಕ ಪುಟ್ಟಣ್ಣ ಕಣಗಾಲ್ 1985ರ ಜೂನ್ 5ರಂದು ತೀರಿಕೊಂಡಾಗ ‘ಮಸಣದ ಹೂವು’ ಅರ್ಧದಲ್ಲಿತ್ತು, ಕೆ.ಎಸ್.ಎಲ್. ಸ್ವಾಮಿ ಅದನ್ನು ಮುಗಿಸಿಕೊಟ್ಟರು. ಮುಂದೆ ರಾಜ್ಯ ಸರ್ಕಾರ ನಿರ್ದೇಶಕರಿಗೆ ಕೊಡುವ ಪ್ರಶಸ್ತಿಗೆ ಪುಟ್ಟಣ್ಣನವರ ಹೆಸರಿಟ್ಟಿತು. ತೆರೆಯ ಹಿಂದೆ ದುಡಿದವರಿಗೆ ಇಷ್ಟು ಸಿಕ್ಕರೂ ದೊಡ್ಡದೇ.

ಶಂಕರ್‌ನಾಗ್ ವಿಷಯ ಬೇರೆ. 1990ರ ಸೆಪ್ಟೆಂಬರ್ 30ರಂದು ದಾವಣಗೆರೆ ಬಳಿಯ ಆನಗೋಡಿನಲ್ಲಿ ರಸ್ತೆ ಅಪಘಾತಕ್ಕೆ ಬಲಿಯಾದ ಅವರನ್ನು ಉಳಿಸಿಕೊಂಡವರು ಆಟೋ ಚಾಲಕರು. 1980ರ ‘ಆಟೋ ರಾಜ’ದಲ್ಲಿ ಖಾಕಿ ತೊಟ್ಟ ನಟ ತಮ್ಮವನೇ ಎಂಬ ಭಾವ ಅವರದು. ಆಟೋಗಳ ಹಿಂಬದಿಯಲ್ಲಿ ಅವರ ಚಿತ್ರ ಬಂತು, ನಿಲ್ದಾಣಗಳಿಗೆ ಹೆಸರು ಬಂತು. ಯಾವ ಇಲಾಖೆಯ ಆದೇಶವೂ ಇಲ್ಲದೆ ಬೆಳೆದ ಈ ಸ್ಮಾರಕಕ್ಕೆ ಜಾಗದ ತಕರಾರೂ ಇಲ್ಲ. ಶಂಕರ್‌ನಾಗ್ ತೀರಿಕೊಂಡ ಮೇಲೆ ಹುಟ್ಟಿದ ಚಾಲಕರೂ ಆ ಚಿತ್ರ ಅಂಟಿಸಿಕೊಳ್ಳುತ್ತಾರೆ.

2006ರ ಏಪ್ರಿಲ್ 12ರಂದು ರಾಜಕುಮಾರ್ ನಿಧನರಾದಾಗ ಬೆಂಗಳೂರು ಹೊತ್ತಿ ಉರಿಯಿತು. ಗಲಭೆಯಲ್ಲಿ ಪೊಲೀಸ್ ಸಿಬ್ಬಂದಿ ಸೇರಿ ಹಲವರು ಸತ್ತರು. ಮರುದಿನ ಕಂಠೀರವ ಸ್ಟುಡಿಯೊ ಆವರಣದಲ್ಲಿ ಅವರನ್ನು ಮಣ್ಣು ಮಾಡಲಾಯಿತು. ಅಲ್ಲಿನ ಸ್ಮಾರಕ ಉದ್ಘಾಟನೆಯಾದದ್ದು 2014ರ ನವೆಂಬರ್‌ನಲ್ಲಿ. 2018ರಲ್ಲಿ ಅಂಬರೀಶ್ ಅಂತ್ಯಕ್ರಿಯೆಯೂ ಅದೇ ಆವರಣದಲ್ಲಿ ನಡೆಯಿತು. ಅದಕ್ಕೆ ಮುನ್ನ ಪಾರ್ಥಿವ ಶರೀರವನ್ನು ಮಂಡ್ಯಕ್ಕೆ ಒಯ್ದು ಅಲ್ಲಿಯ ಜನರಿಗೆ ದರ್ಶನಕ್ಕಿಡಲಾಯಿತು.

ವಿಷ್ಣುವರ್ಧನ್ ಸ್ಮಾರಕದ ಕತೆ ಸುಗಮವಾಗಿ ಸಾಗಲಿಲ್ಲ. 2009ರ ಡಿಸೆಂಬರ್ 30ರಂದು ಮೈಸೂರಿನಲ್ಲಿ ತೀರಿಕೊಂಡ ಅವರ ಅಂತ್ಯಕ್ರಿಯೆ ಬೆಂಗಳೂರಿನ ಅಭಿಮಾನ್ ಸ್ಟುಡಿಯೊದಲ್ಲಾಯಿತು. ಆ ಜಮೀನು ನಟ ಬಾಲಕೃಷ್ಣ ಅವರಿಗೆ ಸ್ಟುಡಿಯೊ ಕಟ್ಟಲೆಂದು ಮಂಜೂರಾದದ್ದು. ವ್ಯಾಜ್ಯ ವರ್ಷಗಟ್ಟಲೆ ಎಳೆಯಿತು. ಕೊನೆಗೆ ಮೈಸೂರು ಹೊರವಲಯದಲ್ಲಿ ಸರ್ಕಾರ ಕಟ್ಟಿದ ಸ್ಮಾರಕ 2023ರ ಜನವರಿ 29ರಂದು ತೆರೆಯಿತು. ಅಭಿಮಾನಿಗಳಿಗೆ ಮಾತ್ರ ಅಂತ್ಯಕ್ರಿಯೆ ನಡೆದ ನೆಲವೇ ಪುಣ್ಯಭೂಮಿ. 2025ರ ಆಗಸ್ಟ್‌ನಲ್ಲಿ ಅಲ್ಲಿನ ಸಮಾಧಿ ನೆಲಸಮವಾದಾಗ ಪ್ರತಿಭಟನೆ ಎದ್ದಿತು. ಮುಂದಿನ ತಿಂಗಳು ಸರ್ಕಾರ ಅವರಿಗೂ ಬಿ. ಸರೋಜಾದೇವಿ ಅವರಿಗೂ ಮರಣೋತ್ತರ ‘ಕರ್ನಾಟಕ ರತ್ನ’ ಘೋಷಿಸಿತು.

ಪುನೀತ್ ರಾಜಕುಮಾರ್ 2021ರ ಅಕ್ಟೋಬರ್ 29ರಂದು, 46ನೇ ವಯಸ್ಸಿನಲ್ಲಿ ತೀರಿಕೊಂಡರು. 2006ರ ಪಾಠ ಕಲಿತಿದ್ದ ಆಡಳಿತ ಮೂರನೇ ದಿನ ನಸುಕಿನಲ್ಲೇ ಅಂತ್ಯಸಂಸ್ಕಾರದ ಸಿದ್ಧತೆ ನಡೆಸಿತು. ತಂದೆ ರಾಜಕುಮಾರ್ ಅವರಂತೆ ಮಗನ ಕಣ್ಣುಗಳೂ ದಾನವಾದವು. ಪುನೀತ್ ಕಣ್ಣುಗಳಿಂದ ನಾಲ್ವರಿಗೆ ದೃಷ್ಟಿ ಬಂತು, ನೇತ್ರದಾನಕ್ಕೆ ಹೆಸರು ಬರೆಸುವವರ ಸಂಖ್ಯೆ ಏರಿತು. 2022ರ ಮಾರ್ಚ್ 17ರಂದು, ಅವರ ಹುಟ್ಟುಹಬ್ಬಕ್ಕೆ, ಅವರ ಚಿತ್ರ ‘ಜೇಮ್ಸ್’ ತೆರೆಕಂಡಿತು. ಹೊಸಪೇಟೆಯಲ್ಲಿ ಪ್ರತಿಮೆಯೂ ನಿಂತಿತು.

ರಾಜ್ಯದ ಉತ್ತರ ತುದಿಯ ಬೀದರ್, ಭಾಲ್ಕಿ, ಔರಾದ್, ಡಾಬಕಾ ಕಡೆಯವರಿಗೆ ಈ ಸಮಾಧಿಗಳೆಲ್ಲ ಸುಮಾರು 700 ಕಿ.ಮೀ. ದೂರ. ಹೈದರಾಬಾದ್ ಅದಕ್ಕಿಂತ ಎಷ್ಟೋ ಹತ್ತಿರ. ತೆಲುಗು, ಹಿಂದಿ, ಮರಾಠಿ ಚಿತ್ರಗಳ ಸೆಳೆತವೂ ಇರುವ ಗಡಿಸೀಮೆ ಇದು. ಇಷ್ಟು ದೂರದ ಅಭಿಮಾನಿಗೆ ಸಮಾಧಿ ದರ್ಶನಕ್ಕಿಂತ ಫೋಟೊಗೆ ಹಾರ ಹಾಕುವುದು, ಅನ್ನದಾನ, ರಕ್ತದಾನ, ಹಳೆಯ ಚಿತ್ರದ ಮರುಬಿಡುಗಡೆಗೆ ಹೋಗುವುದು ಸುಲಭ.