599ರ ಕಥೆ
ಹ್ಯಾಮ್ ರೇಡಿಯೊದಲ್ಲಿ 599 ಅಂದರೆ ನೂರಕ್ಕೆ ನೂರು. ಮೋರ್ಸ್ ಸಿಗ್ನಲ್ಲಿಗೆ ಮೂರಂಕಿ ಕೊಡುವ ಈ ಪದ್ಧತಿಯನ್ನು 1934ರಲ್ಲಿ ತಂದವನು ಅಮೆರಿಕದ ಹ್ಯಾಮ್ ಆರ್ಥರ್ ಬ್ರಾಟನ್: ಅರ್ಥವಾಗುತ್ತಾ, ಬಲ ಎಷ್ಟು, ಸ್ವರ ಎಷ್ಟು ಶುದ್ಧ. ನನಗಿಷ್ಟ ಆ ಮೂರನೆಯದು. ಆಗ ಎಷ್ಟೋ ಜನರ ಟ್ರಾನ್ಸ್‌ಮಿಟರ್ ಮನೆಯಲ್ಲೇ ಕಟ್ಟಿದ್ದು. ಕರೆಂಟು ಸರಿಯಾಗಿ ಫಿಲ್ಟರ್ ಆಗದಿದ್ರೆ ಸ್ವರ ಗೊರಗೊರ. ಕೀ ಒತ್ತಿದಾಗ ವೋಲ್ಟೇಜ್ ಕುಸಿದ್ರೆ ಫ್ರೀಕ್ವೆನ್ಸಿ ಜಾರಿ ಗುಬ್ಬಿ ಹಾಗೆ ‘ಚಿಂವ್’. ಕಟ್ಟಿದವನಿಗೆ ಇದನ್ನು ಹೇಳ್ತಿದ್ದದ್ದು ನೂರಾರು ಮೈಲಿ ಆಚೆ ಕೂತು ಕೇಳಿಸಿಕೊಂಡವನ ಅಂಕ. ಸ್ವರಕ್ಕೆ 5 ಬಂತಾ? ಇನ್ನೂ ದೊಡ್ಡ ಕೆಪಾಸಿಟರ್ ಹಾಕು, ಮತ್ತೆ ಕೇಳು.

ಈಗ ಸ್ಪರ್ಧೆಗಳಲ್ಲಿ ಎಲ್ಲರಿಗೂ ಕಣ್ಣುಮುಚ್ಚಿ 599, ನಾವು ಕ್ಯಾಬ್ ಡ್ರೈವರಿಗೆ ಒತ್ತುವ ಐದು ಸ್ಟಾರಿನ ಹಾಗೆ. ಅದನ್ನೂ ಪೂರ್ತಿ ಹೊಡೆಯಲ್ಲ. 9ರ ಬದಲು ಚುಟುಕಾಗಿ ಎನ್, ‘5ಎನ್‌ಎನ್’. ಸರಿಯಾಗಿ ಕೇಳಿಸದೆ ‘ಇನ್ನೊಮ್ಮೆ ಹೇಳಿ’ ಅಂದವನೂ 599 ಕೊಟ್ಟಿರ್ತಾನೆ.