ಮೂಳೆಯ ಪಾಠ ನಡೆದುಬಂದ ದಾರಿ

ಗುಬ್ಬಿ ತಾಲ್ಲೂಕಿನ ಈ ಶಾಲೆಯಲ್ಲಿ ನಾನು ಜೀವಶಾಸ್ತ್ರ ಕಲಿಸುವಾಗ ಮನುಷ್ಯನ ದೇಹವೆಂದರೆ ಗೋಡೆಗೆ ತೂಗುಹಾಕಿದ ಚಿತ್ರಪಟ. ಮಕ್ಕಳು ತಮ್ಮ ಪಕ್ಕೆಲುಬನ್ನೇ ಮುಟ್ಟಿಕೊಂಡು, ದೊಡ್ಡವರಿಗೆ 206 ಮೂಳೆಗಳೆಂದು ಬಾಯಿಪಾಠ ಮಾಡುತ್ತಿದ್ದರು. ಆ ಒಂದು ಸಂಖ್ಯೆಯ ಹಿಂದೆ ದೊಡ್ಡ ಚರಿತ್ರೆಯಿದೆ.

ಹೆಣ ಮುಟ್ಟಿದರೆ ಮೈಲಿಗೆ ಎನ್ನುತ್ತಿದ್ದ ಕಾಲದಲ್ಲಿ, 1836ರಲ್ಲಿ, ಕಲ್ಕತ್ತೆಯ ವೈದ್ಯಕೀಯ ಕಾಲೇಜಿನಲ್ಲಿ ಪಂಡಿತ ಮಧುಸೂದನ ಗುಪ್ತರು ಶವಚ್ಛೇದನಕ್ಕೆ ಕೈಹಾಕಿದರು. ನಮ್ಮ ಮೈಸೂರು ಸಂಸ್ಥಾನದ ವೈದ್ಯಕೀಯ ಕಾಲೇಜು 1924ರಲ್ಲಿ ಬೆಂಗಳೂರಿನಲ್ಲಿ ಆರಂಭವಾಗಿ, 1930ರಲ್ಲಿ ಮೈಸೂರಿಗೆ ಹೋಯಿತು. ವಾರಸುದಾರರಿಲ್ಲದ ಶವಗಳನ್ನು ಕಲಿಕೆಗೆ ಒದಗಿಸುವ ಕಾಯಿದೆ 1957ರಲ್ಲಿ ಬಂತು. 1988ರಲ್ಲಿ ತುಮಕೂರಿನಲ್ಲಿ ಶ್ರೀ ಸಿದ್ಧಾರ್ಥ ವೈದ್ಯಕೀಯ ಕಾಲೇಜು ಶುರುವಾದ ಮೇಲೆ ಗುಬ್ಬಿ, ಕುಣಿಗಲ್ ಮಕ್ಕಳಿಗೂ ಈ ವಿದ್ಯೆ ಹತ್ತಿರವಾಯಿತು. ಇಲ್ಲಿ ತೊಡೆಮೂಳೆ ಎಂದು ಕಲಿತದ್ದು ಅಲ್ಲಿ ಫೀಮರ್ ಆಗುತ್ತದೆ. ಹೆಸರು ಬೇರೆಯಾದರೂ ಮೂಳೆ ಅದೇ.

ಆದರೆ ಚಿತ್ರಪಟದಿಂದ ವೈದ್ಯರು ತಯಾರಾಗುವುದಿಲ್ಲ, ದೇಹವೇ ಬೇಕು. ಬೈಲಹೊಂಗಲದ ವೈದ್ಯ ಡಾ. ಬಿ. ಎಸ್. ರಾಮಣ್ಣವರ ಅವರು ತಮ್ಮ ದೇಹವನ್ನು ಕಲಿಕೆಗೆ ಬಿಟ್ಟುಹೋದರು. 2010ರಲ್ಲಿ ಅವರ ಮಗ, ಅಂಗರಚನಾಶಾಸ್ತ್ರದ ಅಧ್ಯಾಪಕ ಡಾ. ಮಹಾಂತೇಶ ರಾಮಣ್ಣವರ, ಬೆಳಗಾವಿಯಲ್ಲಿ ವಿದ್ಯಾರ್ಥಿಗಳ ಎದುರು ತಂದೆಯ ದೇಹವನ್ನೇ ಛೇದಿಸಿ ಪಾಠ ಹೇಳಿದರು.

ಶಾಲೆಗೆ ಬೆಂಚು, ಗಡಿಯಾರ ಕೊಟ್ಟವರ ಹೆಸರನ್ನು ನಾವು ಗೋಡೆಯ ಮೇಲೆ ಬರೆಸುತ್ತೇವೆ. ಮೈಯನ್ನೇ ಕೊಟ್ಟ ಬಹುಪಾಲು ಜನರ ಹೆಸರು ಎಲ್ಲೂ ಕಾಣುವುದಿಲ್ಲ. ಇಲ್ಲಿ ಓದಿ ವೈದ್ಯರಾಗುವ ಮಕ್ಕಳಿಗೆ ಮೊದಲ ಮೇಷ್ಟ್ರು ನಾವಾದರೆ, ಮುಂದಿನ ಮೇಷ್ಟ್ರು ಅವರು. ಸುವರ್ಣ ಮಹೋತ್ಸವದ ಈ ಹೊತ್ತಿನಲ್ಲಿ ಅವರಿಗೂ ಒಂದು ನಮಸ್ಕಾರ ಸಲ್ಲಬೇಕು.